ಬೇಕಲ ಕೋಟೆ ಯಾವ ಕಪಾಟಿನಲ್ಲಿದೆ?

ನಮ್ಮ ಕಾಲೇಜಿನಲ್ಲಿ ಸೆಮಿನಾರ್ ಪೇಪರ್ ಅಂದರೆ ಫೋನಿನಿಂದ ಇಳಿಸಿದ ನಾಲ್ಕು ಪುಟ, ಕೊನೆಯಲ್ಲಿ ಉದ್ದಕ್ಕೆ ವೆಬ್‌ಸೈಟುಗಳ ಹೆಸರು. ಕಳೆದ ಮಳೆಗಾಲದಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ನಮ್ಮ ಕಾಸರಗೋಡಿನ ಬೇಕಲ ಕೋಟೆಯ ಬಗ್ಗೆ ಬರೆದು ತಂದಳು. 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಎಂದಿತ್ತು.

"ಇದು ನಿಂಗೆ ಹೇಗೆ ಗೊತ್ತಾಯ್ತು?"

"ಎಲ್ಲ ಕಡೆ ಹಾಗೇ ಉಂಟಲ್ಲ ಟೀಚರ್!"

ಆ 'ಎಲ್ಲ ಕಡೆ'ಯನ್ನು ಅವಳ ಫೋನಿನಲ್ಲೇ ತೆರೆದು ನೋಡಿದೆವು. ಒಂದರಲ್ಲಿದ್ದ ಅಕ್ಷರದೋಷ ಇನ್ನೊಂದರಲ್ಲೂ ಹಾಗೇ ಇತ್ತು. ಯಾರೋ ಒಬ್ಬರು ಬರೆದದ್ದನ್ನು ಉಳಿದವರು ಎತ್ತಿಕೊಂಡಿದ್ದರು. ಹತ್ತು ಸೈಟು ಹೇಳಿದ ಮಾತ್ರಕ್ಕೆ ಹತ್ತು ಸಾಕ್ಷಿ ಆಗೋದಿಲ್ಲ, ಅಲ್ವಾ?

ಆ ದಿನದ ಪೀರಿಯಡ್ಡಿಗೆ ಇಡೀ ಕ್ಲಾಸನ್ನು ಲೈಬ್ರರಿಗೆ ಕರೆದುಕೊಂಡು ಹೋದೆ. ಕಂಪ್ಯೂಟರಿನಲ್ಲಿ 'ಕಾಸರಗೋಡು' ಅಂತ ಹುಡುಕಿದರು. ಒಂದೆರಡು ಪ್ರವಾಸದ ಪುಸ್ತಕ, ಎಂಡೋಸಲ್ಫಾನ್ ಕುರಿತು ಒಂದಿಷ್ಟು. "ಎಂತದೂ ಇಲ್ಲ ಟೀಚರ್."

"1956ಕ್ಕೆ ಮೊದಲು ನಮ್ಮದು ಯಾವ ಜಿಲ್ಲೆ?" ಅಂದೆ. "ಕಣ್ಣೂರು" ಅಂದ ಒಬ್ಬ. ಅದು ಕೇರಳಕ್ಕೆ ಸೇರಿದ ಮೇಲಿನ ಮಾತು. ಕಾಸರಗೋಡು ಬೇರೆ ಜಿಲ್ಲೆ ಆದದ್ದೇ 1984ರಲ್ಲಿ. ಅದಕ್ಕೂ ಹಿಂದೆ ಮದ್ರಾಸಿನ ಸೌತ್ ಕೆನರಾ. 1862ಕ್ಕೆ ಮುಂಚೆಯಂತೂ ನಮ್ಮ ತಾಲೂಕಿನ ಹೆಸರೇ ಬೇಕಲ. ಹಳೆಯ ಪುಸ್ತಕ ಬೇಕಾದರೆ ಹಳೆಯ ಸರಕಾರದ ಹೆಸರಿನಲ್ಲೇ ಹುಡುಕಬೇಕು. ಗಡಿಯವರಿಗೆ ಈ ರಗಳೆ ಜಾಸ್ತಿ.

'ಸೌತ್ ಕೆನರಾ' ಅಂತ ಹಾಕಿದ್ದೇ ತಡ, ಬ್ರಿಟಿಷ್ ಅಧಿಕಾರಿ ಸ್ಟರಾಕ್ ಬರೆದ 1894ರ ಜಿಲ್ಲಾ ಮ್ಯಾನ್ಯುವಲ್ ಬಂತು. ಈಸ್ಟ್ ಇಂಡಿಯಾ ಕಂಪನಿಗಾಗಿ ಊರೂರು ಸುತ್ತಿ ಬರೆದ ಬುಕಾನನ್‌ನ ಪ್ರವಾಸದ ಸಂಪುಟಗಳೂ ಬಂದವು. ಅವನು ಈ ಸೀಮೆ ಸುತ್ತಿದ್ದು 1800-01ರಲ್ಲಿ, ಪುಸ್ತಕ ಅಚ್ಚಾದದ್ದು 1807ರಲ್ಲಿ. ಮಕ್ಕಳಿಗೆ ಖುಷಿಯೋ ಖುಷಿ. ಆಗ ಹಿಂದಿನ ಬೆಂಚಿನ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. "ಟೀಚರ್, ಶಿವಪ್ಪ ನಾಯಕ ಹೋಗಿ ನೂರು ವರ್ಷದ ಮೇಲೆ ಇವ ಬಂದದ್ದು. ಇವನೂ ಯಾರನ್ನೋ ಕೇಳಿಯೇ ಬರೆದದ್ದಲ್ವಾ?" ಅವನು ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ.

ಅಷ್ಟರಲ್ಲಿ ಇನ್ನೊಬ್ಬಳು ಮಲಯಾಳಂ ಕಪಾಟಿನಿಂದ ಒಂದು ಪುಸ್ತಕ ತಂದು ಓದಿದಳು. ಕೋಟೆ ಉತ್ತರ ಮಲಬಾರಿನ ಹಳೆಯ ಅರಸರಾದ ಕೋಲತ್ತಿರಿಗಳ ಕಾಲದಲ್ಲೇ ಇತ್ತು, ನಾಯಕರು ಆಮೇಲೆ ಬಲಪಡಿಸಿದ್ದು ಎಂದಿತ್ತು ಅದರಲ್ಲಿ. ಶುರುವಾಯಿತು ಗಲಾಟೆ. ಇಲ್ಲಿ ಇತಿಹಾಸ ಬಹಳ ಬೇಗ ನಮ್ಮದು, ಅವರದು ಅಂತ ಹೋಳಾಗುತ್ತದೆ. ಲೈಬ್ರೇರಿಯನ್ ಸರ್ ಎದ್ದು ಬಂದರು.

ಒಂದು ಹಾಳೆಗೆ ನಡುವೆ ಗೆರೆ ಎಳೆಸಿದೆ. ಎಡಕ್ಕೆ ಪುಸ್ತಕ ಹೇಳಿದ್ದು, ಬಲಕ್ಕೆ ಅದಕ್ಕೆ ಕೊಟ್ಟ ಆಧಾರ: ಶಾಸನವೋ, ದಾಖಲೆಯೋ, ಸುಮ್ನೆ 'ಎನ್ನುತ್ತಾರೆ' ಅಂತಲೋ. ಎಡಗಡೆ ಬೇಗ ತುಂಬಿತು. ಬಲಗಡೆ ಎರಡೂ ಪಕ್ಷದವರ ಪೆನ್ನು ನಿಂತಿತು. ನಾಯಕರೇ ಕಟ್ಟಿಸಿದ್ದು ಎನ್ನುವ ಕನ್ನಡ ಪುಸ್ತಕಕ್ಕೂ 'ಆಧಾರ ಕೊಟ್ಟಿಲ್ಲ' ಅಂತ ಬರೆದವಳು ಮೊದಲು ಪೇಪರ್ ತಂದಿದ್ದ ಆ ಹುಡುಗಿಯೇ.

ಅವಳ ಹೊಸ ಪೇಪರ್ ಎರಡೇ ಪುಟ. ಎರಡೂ ವಾದ ಇತ್ತು, ಯಾವುದಕ್ಕೆ ಎಷ್ಟು ಆಧಾರ ಸಿಕ್ಕಿತು ಅಂತಲೂ ಇತ್ತು. ಸಹೋದ್ಯೋಗಿಯೊಬ್ಬರು ತಿರುವಿ ಹಾಕಿ, "ಪುಟ ಕಮ್ಮಿ ಆಯ್ತಲ್ಲ, ಸೈಟುಗಳ ಪಟ್ಟಿಯೂ ಇಲ್ಲ" ಅಂದರು. ಇಂಟರ್ನಲ್ ಮಾರ್ಕು ಪೂರ್ತಿ ಕೊಟ್ಟೆ.