ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದ್ರು, ಹಂಗಾದ್ರೆ ನನ್ನ ನೋವು ಸುಳ್ಳಾ?

ಮಂಡ್ಯದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ವಾರಕ್ಕೆ ನಾಲ್ಕು ಸಲವಾದರೂ ಈ ಪ್ರಶ್ನೆ ಬರುತ್ತದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಬಿಡುವುದಿಲ್ಲ. "ಎಮ್ಮಾರೈ ಮಾಡ್ಸಿದ್ವಿ, ಏನೂ ಇಲ್ಲ ಅಂದ್ರು. ಆದ್ರೂ ನೋಯ್ತದೆ. ಯಾಕೆ?" ಇದನ್ನೇ ತಿರುಗಿಸಿ ಕೇಳುವವರೂ ಇದ್ದಾರೆ: "ಡಿಸ್ಕ್ ಸವೆದಿದೆಯಂತೆ. ನನ್ನ ಕಥೆ ಮುಗೀತಾ?" (ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆ.) ಎರಡಕ್ಕೂ ನನ್ನ ಉತ್ತರ ಒಂದೇ. ಆದರೆ ಪಾಯಸ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಪಾಂಡವಪುರದ ಕಡೆಯಿಂದ ಒಬ್ಬರು ಬಂದಿದ್ದರು. ವಯಸ್ಸು 50ರ ಆಸುಪಾಸು. 8 ತಿಂಗಳಿಂದ ಸೊಂಟ ನೋವು. ಫಿಲ್ಮಿನ ದೊಡ್ಡ ಕವರನ್ನು ಎದೆಗೆ ಅವಚಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು. "ಅಮ್ಮಾ, ಒಂಚೂರು ಮುಂದಕ್ಕೆ ಬಗ್ಗಿ ನೋಡೋಣ" ಅಂದೆ. ಉಸಿರು ಬಿಗಿ ಹಿಡಿದು, ಎರಡೂ ಕೈ ತೊಡೆಗೆ ಊರಿ, ಒಂದು ಗೇಣು ಬಗ್ಗಿ ನಿಂತುಬಿಟ್ಟರು. "ಆಗಕ್ಕಿಲ್ಲ ಕಣಪ್ಪಾ."

ಸರಿ, ಮನೇಲಿ ಹಸು ಇದೆಯಾ ಅಂತ ಕೇಳಿದೆ. ಎರಡಿವೆ ಅಂದರು. ಯಾರು ಕರೀತಾರೆ? "ಇನ್ಯಾರು ಕರೀತಾರೆ, ನಾನೇಯ." ಹೆಂಗೆ ಕೂರ್ತೀರಾ, ತೋರ್ಸಿ ಅಂದೆ. ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತರು. ಇಲ್ಲದ ಚೊಂಬನ್ನು ಮಂಡಿ ನಡುವೆ ಇಟ್ಟುಕೊಂಡು ಎರಡೂ ಕೈ ಆಡಿಸಿ ತೋರಿಸಿದರು. ಬೆನ್ನು ಬಿಲ್ಲಿನ ಹಾಗೆ ಬಗ್ಗಿತ್ತು! ಪಕ್ಕದಲ್ಲಿದ್ದ ಮಗ, "ನೋಡಿ ಸಾರ್, ಈಗ ಬಗ್ತಾವ್ರೆ" ಅಂದ, ಕಳ್ಳನನ್ನು ಹಿಡಿದವನ ಹಾಗೆ.

ಅವರು ಸುಳ್ಳು ಹೇಳುತ್ತಿರಲಿಲ್ಲ. "ಬಗ್ಗಿದ್ರೆ ಡಿಸ್ಕ್ ಜಾರುತ್ತೆ, ಹುಷಾರು" ಅಂತ ಯಾರೋ ಹೆದರಿಸಿ ಕಳಿಸಿದ್ದರು. ಬಗ್ಗು ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಬೆನ್ನಿನ ಸ್ನಾಯುಗಳು ಕಲ್ಲಿನ ಹಾಗೆ ಬಿಗಿಯುತ್ತಿದ್ದವು. ಹಸು ಕರೆಯುವಾಗ ಮನಸ್ಸೆಲ್ಲ ಹಸುವಿನ ಮೇಲೆ.

ನೋವು ಅಂದರೆ ಏಟಿನ ಅಳತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಜಾಸ್ತಿ ಏಟು, ಜಾಸ್ತಿ ನೋವು. ಹಾಗಿಲ್ಲ. ಚರ್ಮ, ಸ್ನಾಯು, ಕೀಲುಗಳಲ್ಲಿರುವ ನರದ ತುದಿಗಳು ಕಳಿಸುವುದು "ಇಲ್ಲೇನೋ ಅಪಾಯ" ಅನ್ನುವ ಸುದ್ದಿ ಮಾತ್ರ. ಅದನ್ನು ನೋವು ಮಾಡಬೇಕೋ ಬೇಡವೋ, ಎಷ್ಟು ಮಾಡಬೇಕು ಅಂತ ತೀರ್ಮಾನಿಸೋದು ಮಿದುಳು. ಕಬ್ಬು ಕಡಿಯುವವರನ್ನು ಕೇಳಿ. ಸೋಗೆ ಕುಯ್ದು ಮೊಣಕೈವರೆಗೆ ಗೀರಾಗಿರುತ್ತದೆ, ಸಂಜೆ ಮನೆಗೆ ಬಂದು ಕೈಗೆ ನೀರು ಹಾಕಿಕೊಂಡಾಗಲೇ ಗೊತ್ತಾಗೋದು. ಗದ್ದೆಯಲ್ಲಿ ಮಿದುಳಿಗೆ ಬೇರೆ ಕೆಲಸ ಇತ್ತು.

ಏಟೇ ಇಲ್ಲದೆ ನೋಯಬಹುದಾ? ಉಪ್ಸಾರಿನ ಖಾರಕ್ಕೆ ಮುದ್ದೆ ಅದ್ದಿ ತಿಂದವರಿಗೆ ಉತ್ತರ ಗೊತ್ತು. ನಾಲಿಗೆ ಧಗಧಗ ಉರಿಯುತ್ತದೆ, ಸುಟ್ಟ ಬೊಬ್ಬೆ ಮಾತ್ರ ಏಳುವುದಿಲ್ಲ. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದಾಗ ನರದ ತುದಿಯಲ್ಲಿ ಒಂದು ಬಾಗಿಲು ತೆರೆಯುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ತೆರೆಯೋದೂ ಅದೇ ಬಾಗಿಲನ್ನು. ಮಿದುಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಸುಟ್ಟಿತು ಅಂತ ಕೂಗುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಬಾಗಿಲನ್ನು ಪತ್ತೆ ಮಾಡಿದ್ದು 1997ರಲ್ಲಿ. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂತು. ಖಾರ ತಿಂದು ಕಣ್ಣೀರು ಹಾಕುವ ನಮ್ಮೂರ ಗಂಡಸರಿಗೆ ಈ ವಿಷಯ ಹೇಳಿದರೆ ಸ್ವಲ್ಪ ಸಮಾಧಾನವಾಗುತ್ತದೆ.

ಹೊಸ ಏಟಿನ ನೋವು ಕೆಲಸಕ್ಕೆ ಬರುವ ನೋವು. ಉಳುಕಿದ ಕಾಲನ್ನು ಊರಬೇಡ ಅನ್ನುತ್ತದೆ. ಗಾಯ ಮಾಗಿದ ಮೇಲೆ ಹೋಗಬೇಕು. 3 ತಿಂಗಳು ದಾಟಿದರೂ ಹೋಗದಿದ್ದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತೇವೆ. ಸಂಧಿವಾತದಂಥ ಕಾಯಿಲೆ ಒಳಗೆ ಇನ್ನೂ ನಡೆಯುತ್ತಿರಬಹುದು. ಸಕ್ಕರೆ ಕಾಯಿಲೆಯಿಂದ ನರವೇ ಕೆಟ್ಟಿರಬಹುದು, ಆಗ ಪಾದ ಉರಿ, ಜೋಮು. ಎಷ್ಟೋ ಜನರಲ್ಲಿ ಇವೆರಡೂ ಇರುವುದಿಲ್ಲ. ನರ, ಮಿದುಳು ಸೇರಿ ಕಾವಲು ಕಾಯುವ ವ್ಯವಸ್ಥೆಯೇ ಅತಿ ಚುರುಕಾಗಿರುತ್ತದೆ.

ಮನೆ ನಾಯಿಯನ್ನು ನೆನೆಸಿಕೊಳ್ಳಿ. ಒಂದು ಸಲ ಕಳ್ಳ ಬಂದ, ಬೊಗಳಿತು, ಒಳ್ಳೆಯದೇ ಆಯ್ತು. ಅಂದಿನಿಂದ ಹಾಲಿನವನಿಗೂ ಬೊಗಳುತ್ತದೆ, ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ. ಸ್ಕ್ಯಾನಿಂಗ್ ಅಂದರೆ ಟಾರ್ಚ್ ಹಿಡಿದು ಅಂಗಳದಲ್ಲಿ ಕಳ್ಳ ಇದ್ದಾನಾ ಅಂತ ಹುಡುಕೋದು. ಕಳ್ಳ ಇಲ್ಲ, ನಿಜ. ಆದರೆ ನಾಯಿ ಬೊಗಳುತ್ತಿರೋದೂ ನಿಜ ತಾನೇ? ನಿದ್ದೆ ಕೆಟ್ಟರೆ, ಸಾಲದ ಚಿಂತೆ ಹತ್ತಿದರೆ, ಮನೆಯವರು "ಸುಮ್ನೆ ನಾಟಕ" ಅಂದರೆ ಅದು ಇನ್ನೂ ಜೋರಾಗಿ ಬೊಗಳುತ್ತದೆ.

ಇನ್ನು ಸವೆದ ಡಿಸ್ಕಿನ ಮಾತು. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. 20ರ ವಯಸ್ಸಿನವರಲ್ಲೇ ಶೇ. 37 ಜನರ ಡಿಸ್ಕ್ ಸವೆದಿತ್ತು. 80ರವರಲ್ಲಿ ಶೇ. 96. ನೋವಿಲ್ಲದವರ ಲೆಕ್ಕ ಇದು! ತಲೆಕೂದಲು ನರೆಯೋದನ್ನು ಕಾಯಿಲೆ ಅನ್ನುತ್ತೇವಾ? ಡಿಸ್ಕ್ ನಿಜವಾಗಿ ಉಬ್ಬಿ ನರವನ್ನು ಒತ್ತಿ, ಕಾಲಿನವರೆಗೆ ಸೆಳೆತ ಇಳಿಯೋದು ಉಂಟು. ಅದರಲ್ಲೂ ಬಹಳ ಸಲ ಉಬ್ಬು ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ.

ಹಾಗಾದರೆ ಮಾಡೋದೇನು? ಹಾಲಿನವನಿಗೆ ಬೊಗಳುವ ನಾಯಿಗೆ ಹೊಡೆದರೆ ಆಗುವುದಿಲ್ಲ. ಹಾಲಿನವನು ದಿನಾ ಬಂದು, ಏನೂ ಮಾಡದೆ ಹೋಗಬೇಕು. ಬೆನ್ನಿಗೂ ಅಷ್ಟೇ. ಹೆದರಿ ಬಿಟ್ಟ ಕೆಲಸವನ್ನೇ ಚೂರುಚೂರಾಗಿ ಮತ್ತೆ ಮಾಡಬೇಕು. ನಾಲೆ ಏರಿ ಮೇಲೆ 10 ನಿಮಿಷ ನಡೆದರೆ ನೋಯುತ್ತದೆ ಅಂದರೆ 7 ನಿಮಿಷಕ್ಕೆ ವಾಪಸ್ ಬನ್ನಿ. ಮುಂದಿನ ವಾರ 8. ನಮ್ಮವರು ಎಡವೋದು ಇಲ್ಲೇ. ಸ್ವಲ್ಪ ಹಗುರ ಅನ್ನಿಸಿದ ದಿನ ಮನೆಯ ಕಂಬಳಿ ರಗ್ಗೆಲ್ಲ ಒಗೆದು ಹಾಕುತ್ತಾರೆ, ಆಮೇಲೆ 3 ದಿನ ಮಲಗುತ್ತಾರೆ. ನಾಯಿ ಮತ್ತೆ ಶುರು. ಗಡಿಯಾರ ನೋಡಿ ನಿಲ್ಲಿಸಿ, ನೋವು ನೋಡಿ ಅಲ್ಲ. ಮಲಗಿಬಿಡೋದು ಮಾತ್ರ ಬೇಡ.

ಶಾಖ, ಮುಲಾಮು, ಎಣ್ಣೆ ಉಜ್ಜೋದು ಎಲ್ಲ ಸರಿ. ಮಂಚದ ಕಾಲಿಗೆ ಮೊಣಕಾಲು ತಾಗಿದಾಗ ಕೈ ತಾನಾಗಿ ಉಜ್ಜುತ್ತದಲ್ಲ, ಉಜ್ಜುವ ಸ್ಪರ್ಶ ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ತಗ್ಗಿಸುತ್ತದೆ. ಮೆಲ್ಜ್ಯಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ಇದನ್ನು 'ಗೇಟ್' ಅಂತ ವಿವರಿಸಿದರು. ಆದರೆ ಕುತ್ತಿಗೆ ಹಿಡಿದು ಲಟಕ್ ಅನ್ನಿಸುವವರ ಹತ್ತಿರ ಹೋಗಬೇಡಿ. ಕೈ ಮುಗಿದು ಹೇಳುತ್ತೇನೆ.

ಮಾತ್ರೆ ವಿಷಯ ನನ್ನ ಮನೆಯದೇ. ಅಪ್ಪ ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ಡೈಕ್ಲೊಫಿನಾಕ್ ತಂದು, ಬೆಳಿಗ್ಗೆ ಒಂದು ರಾತ್ರಿ ಒಂದು, 5 ತಿಂಗಳು ನುಂಗಿದರು. ನನಗೆ ಹೇಳಲಿಲ್ಲ. ಮಗನೇ ಫಿಸಿಯೋ, ಆದರೂ! ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಅಂಶ) ಏರಿದಾಗ ಗೊತ್ತಾಯಿತು. ಬೆಂಗಳೂರಿಗೆ ಹೋಗುವಾಗ ರಾಮನಗರದ ರಾಮದೇವರ ಬೆಟ್ಟ ಕಾಣುತ್ತದಲ್ಲ, ರಣಹದ್ದುಗಳ ಬೆಟ್ಟ. ದನಗಳಿಗೆ ಇದೇ ಔಷಧಿ ಕೊಟ್ಟು, ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಟ್ಟು ದೇಶದಲ್ಲಿ ಅವುಗಳ ಸಂತತಿಯೇ ಕುಸಿಯಿತು. 2006ರಲ್ಲಿ ದನಗಳಿಗೆ ಕೊಡೋದನ್ನು ನಿಷೇಧಿಸಿದರು. ಮನುಷ್ಯರಿಗೆ ಅದು ಹದ್ದಿಗಾದಷ್ಟು ವಿಷವಲ್ಲ. ನಾಲ್ಕು ದಿನಕ್ಕೆ ಡಾಕ್ಟರು ಬರೆದರೆ ನುಂಗಿ. ತಿಂಗಳುಗಟ್ಟಲೆ ನಿಮ್ಮಷ್ಟಕ್ಕೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು.

ನಾಯಿ ಬಿಡಿ, ನಿಜವಾದ ಕಳ್ಳನೂ ಬರುತ್ತಾನೆ. ಬೆನ್ನು ನೋವಿನ ಜೊತೆ ಉಚ್ಚೆ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲು ಸೋತರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲಗಿದಾಗಲೇ ನೋವು ಹೆಚ್ಚಿದರೆ ತಡ ಮಾಡಬೇಡಿ. ಎದೆ ಹಿಂಡಿ ನೋವು ಎಡಗೈಗೋ ದವಡೆಗೋ ಹರಿದರೆ ಗ್ಯಾಸು ಅಂತ ಸೋಡಾ ಕುಡಿದು ಕೂರಬೇಡಿ. ಇಸಿಜಿ ಮಾಡಿಸಿ.

ಪಾಂಡವಪುರದ ಅಮ್ಮ 3 ತಿಂಗಳು ಬಂದರು. ಮೊದಲ ವಾರ ಮಾಡಿಸಿದ್ದು ಹಸು ಕರೆಯೋದಷ್ಟೇ, ಹಸು ಇಲ್ಲದೆ. ಆಮೇಲೆ ಖಾಲಿ ಬಕೆಟ್ ಎತ್ತೋದು, ಆಮೇಲೆ ಅರ್ಧ ತುಂಬಿದ್ದು. ನೋವು ಪೂರ್ತಿ ಹೋಗಲಿಲ್ಲ, ಆದರೆ ಡೈರಿಗೆ ಹಾಲು ತಾವೇ ಹೊತ್ತು ಹಾಕತೊಡಗಿದರು. ಮೊನ್ನೆ ಮತ್ತೆ ಬಂದಿದ್ದರು, ಕುಂಟುತ್ತಾ. ಕೈಯಲ್ಲಿ ಕವರ್ ಇರಲಿಲ್ಲ.

"ಈಗ ಮಂಡಿ ಕಣಪ್ಪಾ. ಕರೀವಾಗ ಹಸ ಒದ್ಬುಡ್ತು. ಇದ್ಕೆ ಸ್ಕ್ಯಾನಿಂಗ್ ಬ್ಯಾಡ ಬುಡು, ಯಾಕೆ ನೋಯ್ತದೆ ಅಂತ ನಂಗೇ ಗೊತ್ತು."