ಒಂದೇ ಹೊಲ, ಎರಡು ಥರ ಬೆಳೆ

ಡಿಸೆಂಬರ್ 19, 2025, ಶುಕ್ರವಾರ, ಎಳ್ಳಮಾವಾಸ್ಯೆ. ವಿಜಯಪುರ

ಚರಗ ಚೆಲ್ಲಿ ಬಂದು ಎಲ್ಲರೂ ಬೇಗ ಮಲಗಿದ್ದಾರೆ. ನನಗೆ ನಿದ್ದೆ ಬರ್ತಿಲ್ಲ. ಅವ್ವ ಕೇಳಿದ ಮಾತು ತಲೆಯಲ್ಲೇ ಕೂತಿದೆ.

ಊಟ ಆದ ಮೇಲೆ ಬನ್ನಿಗಿಡದ ಕೆಳಗೆ ಕೂತಿದ್ದೆವು. ಅಕ್ಕನ ಮಗಳು ರಜೆಗೆ ಬಂದಿದ್ದಾಳಲ್ಲ, ಎಲ್ಲರದೂ ಅವಳ ಮದುವೆ ಮಾತೇ. ಏನು ಕೆಲಸ ಮಾಡ್ತೀ ಅಂತ ಕೇಳಿದ್ದು ಅವ್ವ ಒಬ್ಬಳೇ. ಹುಡುಗಿ ಮೊಬೈಲಿನಲ್ಲಿ ಒಂದು ನಕ್ಷೆ ತೋರಿಸಿದಳು. ವೃಷಭ ರಾಶಿಯ ದಿಕ್ಕಿನಲ್ಲಿ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿರೋ ಗ್ಯಾಸಿನ ಮೋಡ. ಟಿಎಂಸಿ-1 ಅಂತ ಹೆಸರು. ನಕ್ಷತ್ರ ಹುಟ್ಟೋದು ಇಂಥ ಮೋಡಗಳಲ್ಲೇ. ಒಳಗೆ ಮೈನಸ್ 263 ಡಿಗ್ರಿ ಆಸುಪಾಸಿನ ಚಳಿ. ಇರೋದೆಲ್ಲ ಹೆಚ್ಚುಕಡಿಮೆ ಹೈಡ್ರೋಜನ್ನೇ, ಆದರೆ ಆ ಚಳಿಗೆ ಅದು ತರಂಗ ಹೊರಡಿಸದೆ ಸುಮ್ನಿರುತ್ತದೆ. ಅದಕ್ಕೇ ಚಿಟಿಕೆಯಷ್ಟು ಬೆರೆತ ಬೇರೆ ಅಣುಗಳನ್ನು ರೇಡಿಯೋ ದೂರದರ್ಶಕದಲ್ಲಿ ಹುಡುಕುತ್ತಾರೆ. ಒಂದೊಂದಕ್ಕೂ ಅದರದೇ ತರಂಗ. ಅಮೋನಿಯಾದ್ದು ಒಂದೂಕಾಲು ಸೆಂಟಿಮೀಟರ್ ಉದ್ದ. ಆಕಾಶದಲ್ಲಿ ಅದು 1968ರಲ್ಲೇ ಸಿಕ್ಕಿತ್ತಂತೆ.

"ಅಮೋನಿಯಾ ಅಂದ್ರ?"

"ಮುಂಜಾನೆ ದನದ ಮನ್ಯಾಗ ಮೂಗಿಗೆ ಹೊಡೀತದಲ್ಲ, ಅದ ನೋಡ ಆಯಿ."

ಅವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. ಹಗ್ಗದ ಹಾಗೆ ಉದ್ದನೆಯ ಮೋಡ. ಆಗ್ನೇಯದ ಕಡೆ ಕಾರ್ಬನ್ ಸರಪಳಿಯ ಅಣುಗಳು ಜಾಸ್ತಿ, ವಾಯವ್ಯದ ಕಡೆ ಅಮೋನಿಯಾ ಜಾಸ್ತಿ. ಎದುರಿನ ಜೋಳಕ್ಕೆ ಕೈ ಮಾಡಿ ಕೇಳಿದಳು, "ಒಂದ ಹೊಲ, ಎರಡ ಥರ ಬೆಳಿ. ಒಂದ ಕಡೆ ಮೊದಲ ಬಿತ್ಯಾರೇನು?"

ನಮ್ಮ ಹೊಲವೂ ಈ ಸಲ ಹಾಗೇ ಇದೆ. ಹಸಿ ಆರದೆ ಕೆಳಗಿನ ಅರ್ಧ ಹದಿನೈದು ದಿನ ತಡವಾಗಿ ಬಿತ್ತಿದ್ದು. ಮೇಲೆ ತೆನೆ ಬಿಟ್ಟಿದೆ, ಕೆಳಗೆ ಇನ್ನೂ ಹೊಡೆ.

ಹುಡುಗಿ ಆಯಿಯ ಕೈ ಹಿಡಿದುಕೊಂಡಳು. ಈ ಮೋಡ ನೋಡೋ ವಿಜ್ಞಾನಿಗಳದೂ ಅದೇ ಪ್ರಶ್ನೆಯಂತೆ! ಮೋಡ ಇನ್ನೂ ಎಳೆಯದಾಗಿದ್ದಾಗ ಕಾರ್ಬನ್ ಸರಪಳಿಗಳು ಬೇಗ ಕೂಡುತ್ತವೆ. ಅಮೋನಿಯಾ ನಿಧಾನ. ಹಾಗಾಗಿ ಅಮೋನಿಯಾ ಇರೋ ತುದಿ ಬಲಿತದ್ದು ಅಂತ ಒಂದು ವಾದ. "ಎಲ್ಲಾರೂ ಒಪ್ಪಂಗಿಲ್ಲ ಆಯಿ. ನೆಲದ ಗುಣಾನೂ ಇರಬಹುದು ಅಂತಾರ."

"ಅದೂ ಖರೇನ. ನಮ್ಮಲ್ಲೂ ಮ್ಯಾಲ ಮಡ್ಡಿ, ಕೆಳಗ ಎರಿ."

ಬರುವಾಗ ಕತ್ತಲು. ಚಂದ್ರ ಇಲ್ಲ, ಕೃತ್ತಿಕೆ ರೋಹಿಣಿ ಎರಡೂ ಮೇಲೆ ಬಂದಿದ್ದವು. ರೋಹಿಣಿಗಿಂತ ತುಸು ಉತ್ತರಕ್ಕೆ ಅಂತ ಹುಡುಗಿ ಬೆರಳು ಮಾಡಿದಳು. ಅಲ್ಲಿ ಬರೀ ಕತ್ತಲು. ಅವ್ವ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದಳು.

ಅವಳ ಮೊಣಕಾಲು ನೋವು ಜಾಸ್ತಿಯಾಗಿದೆ. ಮುಂದಿನ ವರ್ಷ ಹೊಲ ಲಾವಣಿಗೆ ಕೊಡೋಣ ಅಂತ ತಮ್ಮ ಅಂದ. ನಾನು ಹೂಂ ಅಂದುಬಿಟ್ಟೆ. ಅನ್ನಬಾರದಿತ್ತು.

ಸೋಮವಾರ ಹುಡುಗಿ ಹೊರಡುತ್ತಾಳೆ. ಅಷ್ಟರೊಳಗೆ ಇನ್ನೊಂದು ಕೇಳಬೇಕು, ಆ ಎರಡು ತುದಿಗಳ ನಡುವಿನ ಜಾಗದಲ್ಲಿ...