ಚಪ್ಪಟೆ ತಳವೋ, ಚೂಪು ತಳವೋ

ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಹಿನ್ನೀರಿನ ದಡದ ಸಾಗರಕಟ್ಟೆಯಲ್ಲಿ ಮೀನು ಹಿಡಿಯುವ ನನ್ನ ಭಾವಮೈದ ಇಷ್ಟು ವರ್ಷ ತೆಪ್ಪವನ್ನೇ ನಂಬಿಕೊಂಡಿದ್ದವನು, ಈ ಬೇಸಿಗೆಯಲ್ಲಿ ದೋಣಿ ಕೊಳ್ಳಲು ಹೊರಟಾಗ ಮೈಸೂರಿನಲ್ಲಿರುವ ನನ್ನನ್ನೂ ಜೊತೆಗೆ ಕರೆದ. ಚೌಕಾಸಿಗೆ ಒಬ್ಬರಿರಲಿ ಎಂದು ಕರೆದನೇ ಹೊರತು ನೀರಿನ ವಿಷಯ ನನಗೆ ತಿಳಿದಿದೆಯೆಂದಲ್ಲ. ನೋಡಿದ್ದು ಎರಡು ಹಳೆಯ ಫೈಬರ್ ದೋಣಿಗಳನ್ನು. ಎರಡರ ಉದ್ದವೂ ಸುಮಾರು 14 ಅಡಿ, ಬೆಲೆಯಲ್ಲಿಯೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಒಂದರ ತಳ ಊಟದ ಮಣೆಯಂತೆ ಚಪ್ಪಟೆ. ಇನ್ನೊಂದರದು ನೇಗಿಲ ಗುಳದಂತೆ ಚೂಪು.

ನನ್ನ ಮನಸ್ಸು ಮೊದಲು ವಾಲಿದ್ದು ಚೂಪು ತಳದ ಕಡೆಗೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿದಾಗ ಸುಮಾರು 130 ಚದರ ಕಿಲೋಮೀಟರ್ ಹರಡಿಕೊಳ್ಳುವ ಆ ಬಯಲಿನಲ್ಲಿ ಆಷಾಢದ ಪಡುವಣ ಗಾಳಿಗೆ ಅಡ್ಡವೇ ಇಲ್ಲ. ಸಾಗರಕಟ್ಟೆಯಿಂದ ನಡುನೀರಿಗೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಮೀನು ತುಂಬಿಕೊಂಡು ಮರಳುವಾಗ ಮುಖಕ್ಕೆ ಬಡಿಯುತ್ತದೆ. ಚೂಪು ತಳ ಅಲೆಯನ್ನು ಸೀಳಿಕೊಂಡು ಬರುತ್ತದೆ, ಚಪ್ಪಟೆ ತಳ ಪ್ರತಿ ಅಲೆಯ ಮೇಲೂ ಎದ್ದು ದಬ್ಬನೆ ಬೀಳುತ್ತದೆ.

ಭಾವಮೈದ ನನ್ನ ವಾದವನ್ನು ಕೇಳಿಸಿಕೊಂಡು, ಚೂಪು ತಳದ ದೋಣಿಯನ್ನು ಸೊಂಟಮಟ್ಟದ ನೀರಿಗಿಳಿಸಿ, ನಾವಿಬ್ಬರೂ ಒಂದೇ ಅಂಚಿಗೆ ಬಗ್ಗಿ ಬಲೆ ಎಳೆಯುವವರಂತೆ ನಿಲ್ಲೋಣವೆಂದ. ನಿಂತದ್ದೇ ತಡ, ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿಯಿತು. ಈಜು ಬಾರದ ನಾನು ಕೂತುಬಿಟ್ಟೆ. ಚಪ್ಪಟೆ ತಳದ್ದರಲ್ಲಿ ಹಾಗೆಯೇ ನಿಂತಾಗ ಅದು ತುಸು ಬಾಗಿ ಅಲ್ಲಿಗೇ ನಿಂತಿತು. ಅಗಲವಾದ ತಳ ಬಾಗಿದ ಕಡೆ ಹೆಚ್ಚು ನೀರನ್ನು ಒತ್ತುವುದರಿಂದ ಆ ನೀರೇ ದೋಣಿಯನ್ನು ಮೇಲಕ್ಕೆ ತಳ್ಳುತ್ತದೆ. ಚೂಪು ತಳಕ್ಕೆ ಕೆಳಗೆ ಅಗಲವಿಲ್ಲದ್ದರಿಂದ ಪಕ್ಕೆ ನೀರಿಗೆ ತಾಗುವವರೆಗೂ ವಾಲುತ್ತಲೇ ಇರುತ್ತದೆ. ಸಂಜೆ ಕಟ್ಟಿದ ಬಲೆಯನ್ನು ಬೆಳಗಿನ ಜಾವ ಎಳೆಯುವವನಿಗೆ ದೋಣಿ ಓಡುವುದಕ್ಕಿಂತ ನಿಲ್ಲುವುದೇ ಮುಖ್ಯ. ಅಲೆ ಸೀಳುವ ಗುಣವೂ ಮೋಟಾರು ಹಾಕಿ ಓಡಿಸುವವನಿಗೆ ಒದಗುವಷ್ಟು ಹುಟ್ಟು ಹಾಕುವವನಿಗೆ ಒದಗದು.

ಬೇಸಿಗೆಯ ಲೆಕ್ಕ ಇನ್ನೂ ಸರಳ. ನೀರು ಹಿಂದಕ್ಕೆ ಸರಿದು ಹಳೆಯ ಬದುಗಳೂ ಮರದ ಬೊಡ್ಡೆಗಳೂ ತಲೆಯೆತ್ತಿದಾಗ, ಗೇಣುದ್ದದ ನೀರಿನಲ್ಲಿ ಜಿಲೇಬಿ ಮೀನಿಗೆ ಬಲೆ ಬಿಡಲು ಹೋದರೆ ಚೂಪು ತಳ ಕೆಸರಿನಲ್ಲಿ ಹೂತು ಒಂದು ಮಗ್ಗುಲಿಗೆ ಮಲಗುತ್ತದೆ.

ಚಪ್ಪಟೆಯದನ್ನೇ ಕೊಂಡೆವು. ಕೊಳ್ಳುವ ಮೊದಲು ಅವನು ನಾಣ್ಯದಿಂದ ತಳವನ್ನೆಲ್ಲ ತಟ್ಟಿ ನೋಡಿ, ಹಿಂಬದಿಯಲ್ಲಿ ಒಂದೆಡೆ ಮಂಕು ಸದ್ದು ಬಂದಲ್ಲಿ ಫೈಬರ್ ಪದರ ಬಿಟ್ಟಿರುವುದನ್ನು ಪತ್ತೆಹಚ್ಚಿದ. ನನ್ನ ಚೌಕಾಸಿಗೆ ಸಿಕ್ಕ ಆಧಾರ ಅದೊಂದೇ. ಅಡ್ಡಗಾಳಿಗೆ ತರಗೆಲೆಯಂತೆ ಪಕ್ಕಕ್ಕೆ ಜಾರುವ ಚಾಳಿ ಈ ದೋಣಿಗೂ ಇದೆ. ಅದಕ್ಕೆಂದು ತಳದ ನಡುವೆ ಉದ್ದಕ್ಕೂ ಎರಡು ಇಂಚಿನ ಪಟ್ಟಿಯೊಂದನ್ನು ಕೂರಿಸಿದ್ದಾನೆ, ಆಷಾಢ ಬಂದರೆ ಅದರ ಪರೀಕ್ಷೆ. ತೆಪ್ಪವನ್ನು ಮಾತ್ರ ಮಾರಿಲ್ಲ.